ಹಲ್ಲುಮಾಮ ಮಾತು ಕೊಟ್ಟ ಸಿನಿಮಾ

"ಮಾತಾಡ್ರೀ! ಅವನು ಬಾಯಿ ತೆಗೆದು ಎಷ್ಟು ಹೊತ್ತಾಯ್ತು!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ನಿಜವೇ. ಪರದೆಯ ಮೇಲೆ ಪೊದೆಮೀಸೆಯ ಅಪ್ಪನೊಬ್ಬ ಬೇಲಿಯ ಈಚೆ ನಿಂತು ತೋಳು ಬೀಸಿ ಬೀಸಿ ಬಾಯಾಡಿಸುತ್ತಿದ್ದ. ಬೇಲಿಯ ಆಚೆ ಬೋಳುತಲೆಯ ಇನ್ನೊಬ್ಬ ಅಪ್ಪ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಇಬ್ಬರಿಂದಲೂ ಒಂದು ಸೊಲ್ಲು ಹೊರಡುತ್ತಿರಲಿಲ್ಲ. ಕಟ್ಟಡದ ಸಭಾಂಗಣದಲ್ಲಿದ್ದ ಸದ್ದೆಂದರೆ ಪ್ರೊಜೆಕ್ಟರಿನ ಟರಟರ, ಎಂಬತ್ತು ಕುರ್ಚಿಗಳ ಕಿರಕಿರ, ಮತ್ತು ಮೈಕಿನಲ್ಲಿ ಕೇಳಿಬರುತ್ತಿದ್ದ ಹಲ್ಲುಮಾಮನ ಉಸಿರು.

ಹಲ್ಲುಮಾಮ ಉಗುಳು ನುಂಗಿದರು. ಅದೂ ಮೈಕಿನಲ್ಲಿ ಕೇಳಿಸಿತು.

"ಏನಯ್ಯಾ," ಎಂದರು ಕೊನೆಗೆ, ದನಿ ದಪ್ಪ ಮಾಡಿಕೊಂಡು. "ನಿನ್ನ ಕೋಳಿ ಮತ್ತೆ ನನ್ನ ಅಂಗಳಕ್ಕೆ ಯಾಕೆ ಬಂತು?"

ಪರದೆಯ ಮೇಲೆ ಪೊದೆಮೀಸೆ ಬಗ್ಗಿ, ನೆಲದಿಂದ ಒಂದು ಫುಟ್‌ಬಾಲ್ ಎತ್ತಿ ತೋರಿಸಿದ.

"ಬಂದಿದ್ದಲ್ಲದೆ," ಎಂದರು ಹಲ್ಲುಮಾಮ ತಡಮಾಡದೆ, "ಇಷ್ಟು ದೊಡ್ಡ ಮೊಟ್ಟೆ ಬೇರೆ ಇಟ್ಟು ಹೋಗಿದೆ!"

ಎಂಬತ್ತು ಮಂದಿ ಒಟ್ಟಿಗೆ ನಕ್ಕರು. ಹಲ್ಲುಮಾಮ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡರು.

ಮೈಕಿನ ಮುಂದಿನ ಆ ಸ್ಟೂಲಿನ ಮೇಲೆ ಅವರು ಸಂತೋಷಕ್ಕೆ ಹತ್ತಿದವರಲ್ಲ. ಹಲ್ಲುಮಾಮನ ಕಸುಬು ಹಲ್ಲಿನ ಸೆಟ್ ಮಾಡುವುದು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ. ಇವರು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ನಾಲ್ಕು ಮಹಡಿಯ ಕಟ್ಟಡದಲ್ಲಿ, ನೆಲಮಹಡಿಯ ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರು ಮಾಡಿಕೊಂಡು ಬಂದದ್ದು ಇದನ್ನೇ. ಮೇಷ್ಟ್ರು ನೇರ ಮೇಲಿನ ಮನೆಗೆ ಬರುವವರೆಗೆ ಆ ಕೋಣೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಮೇಷ್ಟ್ರು ಎಂದರೆ ನಿವೃತ್ತ ಹೆಡ್‌ಮೇಷ್ಟ್ರು, ಈಗ ಕಟ್ಟಡದ ಸಂಘದ ಅಧ್ಯಕ್ಷರು. ಶಾಲೆ ಬಿಡುವಾಗ ಶಾಲೆಯ ಕೈಗಂಟೆಯನ್ನೂ ಜೊತೆಗೆ ತಂದಿದ್ದರು. ಮಧ್ಯಾಹ್ನ ಎರಡರಿಂದ ನಾಲ್ಕು ಅವರ ನಿದ್ದೆಯ ಹೊತ್ತು. ಆ ಎರಡು ಗಂಟೆ ಹಲ್ಲುಮಾಮ ಉಜ್ಜುವ ಮೋಟಾರು ನಿಲ್ಲಿಸಬೇಕು. ನಾಲ್ಕಕ್ಕೆ ಮೇಲಿನಿಂದ ಢಣಢಣ ಎಂದು ಗಂಟೆ ಬಿದ್ದ ಮೇಲೆ ಮತ್ತೆ ಶುರು ಮಾಡಬಹುದು. ಇಷ್ಟಾದರೂ ಮೇಷ್ಟ್ರಿಗೆ ಸಮಾಧಾನವಿಲ್ಲ. "ಮೋಟಾರು ನಿಂತಿದ್ರೂ ಅದು ಶುರುವಾಗುತ್ತೆ ಅನ್ನೋ ಯೋಚನೆಯಲ್ಲೇ ನಿದ್ದೆ ಬರಲ್ಲ," ಎಂದು ಅವರು ಸಂಘಕ್ಕೆ ಬರೆದುಕೊಟ್ಟಿದ್ದರು.

ಕಟ್ಟಡದಲ್ಲಿ ಎರಡು ಪಕ್ಷ. ಒಂದು ಮೇಷ್ಟ್ರದು, ಇನ್ನೊಂದು ಅವರ ಎದುರು ಬಾಗಿಲಿನ ಔಷಧಿಯಮ್ಮನದು. ಔಷಧಿಯಮ್ಮ ರಸ್ತೆಯ ತುದಿಯಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದರು, ಮಾತನ್ನೂ ಮಾತ್ರೆಯಂತೆ ಎಣಿಸಿ ಕೊಡುತ್ತಿದ್ದರು. ಇಬ್ಬರ ನಡುವೆ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗದ ಜಗಳ ಎರಡು ವರ್ಷದಿಂದ ನಡೆದಿತ್ತು. ಮೇಷ್ಟ್ರು ಕಟ್ಟಿದ ಹಗ್ಗ ಒಂದು ದಿನ ತುಂಡಾಗಿ ಬಿದ್ದಿತ್ತು. ಗಾಳಿಗೆ ಹರಿಯಿತು ಎಂದು ಔಷಧಿಯಮ್ಮ. ಗಾಳಿಗೆ ಕತ್ತರಿ ಕೊಟ್ಟವರು ಯಾರು ಎಂದು ಮೇಷ್ಟ್ರು. ಈ ಇಬ್ಬರು ಎರಡು ವರ್ಷದಲ್ಲಿ ಒಮ್ಮತಕ್ಕೆ ಬಂದ ಸಂಗತಿ ಒಂದೇ: ಹಲ್ಲುಮಾಮನ ಕೋಣೆ ಖಾಲಿ ಮಾಡಿಸುವುದು. ಸೋಮವಾರದ ಸಭೆಯಲ್ಲಿ ಅದು ಮೊದಲ ವಿಷಯ.

"ರೀ, ಸೋಮವಾರದೊಳಗೆ ಇವರನ್ನೆಲ್ಲ ಒಂದು ಸಲ ನಗಿಸಿಬಿಡಿ," ಎಂದಿದ್ದರು ಹಲ್ಲುಮಾಮನ ಹೆಂಡತಿ. "ಭಾನುವಾರ ನಕ್ಕವರು ಸೋಮವಾರ ಹೊರಗೆ ಹಾಕೋಕೆ ಸ್ವಲ್ಪ ಮುಜುಗರ ಪಡ್ತಾರೆ."

ಹಾಗೆ ಭಾನುವಾರ ಸಂಜೆಯ ಸಿನಿಮಾ ಏರ್ಪಾಡಾಯಿತು. ಎಂಥ ಸಿನಿಮಾ ಎಂದು ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ತುಂಬ ಹಳೆಯದು, ಕಪ್ಪು ಬಿಳುಪು, ಹದಿಹರೆಯದ ಹುಡುಗ ಹುಡುಗಿಯ ಮುಗ್ಧ ಪ್ರೀತಿ, ಜಗಳವಾಡುವ ಇಬ್ಬರು ಅಪ್ಪಂದಿರು, ಮನೆಮಂದಿಯೆಲ್ಲ ಕೂತು ನಗಬಹುದು ಎಂದು ಹಲ್ಲುಮಾಮ ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. "ಹನ್ನೊಂದು ಸಲ ನೋಡಿದ್ದೀನಿ ಮೇಷ್ಟ್ರೇ. ಒಂದೊಂದು ಮಾತೂ ಬಾಯಿಪಾಠ," ಎಂದೂ ಸೇರಿಸಿದರು.

ಒಂದು ಸಲವೂ ನೋಡಿರಲಿಲ್ಲ. ಕೆಲಸ ಕಲಿಯುವ ಕಾಲದಲ್ಲಿ ಅವರು ಕೂರುತ್ತಿದ್ದ ಅಂಗಡಿಯ ಎದುರೇ ಚಿತ್ರಮಂದಿರವಿತ್ತು. ಆ ಸಿನಿಮಾ ಅಲ್ಲಿ ಇಪ್ಪತ್ತೈದು ವಾರ ಓಡಿತ್ತು. ಆಟ ಬಿಟ್ಟಾಗ ಅಜ್ಜಿಯರು, ಮಕ್ಕಳು, ಗಂಡ ಹೆಂಡಿರು ಎಲ್ಲರೂ ಹಲ್ಲು ಕಾಣುವ ಹಾಗೆ ನಗುತ್ತ ಹೊರಬರುತ್ತಿದ್ದರು. ಕಲಿಯುವವನಿಗೆ ಅಷ್ಟು ಹಲ್ಲು ಒಂದೇ ಕಡೆ ಬೇರೆಲ್ಲಿ ಸಿಕ್ಕೀತು? ಸಿನಿಮಾದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟು ಮತ್ತು ಗೋಡೆಗೆ ಅಂಟಿಸಿದ ಪೋಸ್ಟರು.

ಭಾನುವಾರ ಆಟ ಶುರುವಾದ ಐದನೇ ನಿಮಿಷಕ್ಕೆ ಸದ್ದು ನಿಂತಿತು. ಪ್ರೊಜೆಕ್ಟರಿನವನು ಮುಚ್ಚಳ ತೆಗೆದು ಒಳಗೆ ಇಣುಕಿದ. "ಸೌಂಡಿನ ಬಲ್ಬು ಹೋಗಿದೆ. ಚಿತ್ರ ಬರುತ್ತೆ, ಮಾತು ಬರಲ್ಲ," ಎಂದ.

ಮೇಷ್ಟ್ರು ಎದ್ದು ನಿಂತರು. "ಹಾಗಾದರೆ ಮನೆಗೆ ಹೋಗೋಣ."

"ಯಾಕೆ ಹೋಗ್ಬೇಕು?" ಎಂದರು ಔಷಧಿಯಮ್ಮ, ಮೇಷ್ಟ್ರು ಹೋಗೋಣ ಎಂದರೆಂಬ ಒಂದೇ ಕಾರಣಕ್ಕೆ. "ಇವರಿಗೆ ಬಾಯಿಪಾಠ ಇದೆಯಲ್ಲ, ಇವರೇ ಹೇಳ್ಲಿ."

ಹೀಗೆ ಹಲ್ಲುಮಾಮ ಸ್ಟೂಲು ಹತ್ತಿದ್ದರು.

ಮೊಟ್ಟೆಯ ಮಾತಿನ ನಂತರ ಅವರಿಗೆ ಧೈರ್ಯ ಬಂತು. ಅದೂ ಅಲ್ಲದೆ ಬಾಯಿ ಎಂಬುದು ಅವರ ಸ್ವಂತ ವಿಷಯ. ಯಾವ ಅಕ್ಷರಕ್ಕೆ ತುಟಿ ಕೂಡುತ್ತದೆ, ಯಾವುದಕ್ಕೆ ನಾಲಿಗೆ ಮೇಲಿನ ಹಲ್ಲು ಮುಟ್ಟುತ್ತದೆ ಎಂದು ತಿಳಿಯದವನು ಸೆಟ್ ಮಾಡಲಾರ. ಪೊದೆಮೀಸೆಯ ತುಟಿ ಕೂಡಿದರೆ 'ಪಾಪಿ' ಎಂದರು, ಬೋಳುತಲೆ ಬಾಯಿ ಅಗಲಿಸಿದರೆ 'ಆಹಾಹಾ' ಎಂದರು. ಅಪ್ಪಂದಿರ ಜಗಳಕ್ಕೆ ಮಾತು ಹುಡುಕುವ ಕಷ್ಟವೇ ಇರಲಿಲ್ಲ. ಸಂಘದ ಎರಡು ವರ್ಷದ ಸಭೆಗಳು ನೆನಪಿನಲ್ಲಿದ್ದವು. "ನಿಯಮ ಅಂದ್ರೆ ನಿಯಮ!" ಎಂದ ಪೊದೆಮೀಸೆ. "ನಿಮ್ಮ ನಿಯಮಾನ ಅರೆದು ಕುಡೀರಿ, ದಿನಕ್ಕೆ ಮೂರು ಸಲ!" ಎಂದ ಬೋಳುತಲೆ. ಜನ ತೊಡೆ ತಟ್ಟಿಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ಔಷಧಿಯಮ್ಮನೂ ನಕ್ಕರು. ತಮ್ಮ ಮಾತು ಬೇರೆಯವರ ಬಾಯಲ್ಲಿ ಬಂದಾಗ ಯಾರಿಗೂ ಗುರುತು ಸಿಗುವುದಿಲ್ಲ.

ಆಮೇಲೆ ಪರದೆಯ ಮೇಲೆ ಹುಡುಗ ಬಂದ, ಎಣ್ಣೆ ಹಚ್ಚಿ ಬಾಚಿದ ತಲೆ. ಹುಡುಗಿ ಬಂದಳು, ಎರಡು ಜಡೆ. ಇಬ್ಬರೂ ಹಿತ್ತಲಿನ ಮೆಟ್ಟಿಲ ಮೇಲೆ, ನಡುವೆ ಒಂದು ಮೊಳ ಜಾಗ ಬಿಟ್ಟು ಕೂತರು. ಹುಡುಗ ಬಾಯಿ ತೆರೆದ.

ಹಲ್ಲುಮಾಮ ಪೇಚಿಗೆ ಸಿಕ್ಕಿದರು. ಐವತ್ತೆರಡು ವರ್ಷದ ಗಂಡಸು. ಹದಿನೇಳರ ಹುಡುಗ ಹುಡುಗಿಗೆ ಏನು ಹೇಳುತ್ತಾನೆಂದು ಅವರಿಗೇನು ಗೊತ್ತು? ಸ್ವಂತ ಮದುವೆಗೆ ಮೊದಲು ಹೆಂಡತಿಯೊಡನೆ ಅವರು ಆಡಿದ್ದು ಒಂದೇ ಮಾತು, "ಫ್ಯಾನು ಜೋರು ಮಾಡಲಾ?"

"ಮಾತು! ಮಾತು!" ಎಂದು ಜನ ಚಪ್ಪಾಳೆ ತಟ್ಟಿದರು.

ಆಗ ಅವರಿಗೆ ನೆನಪಾಯಿತು. ರಜೆ ಶುರುವಾದಾಗಿನಿಂದ, ದಿನಾ ಎರಡರಿಂದ ನಾಲ್ಕು, ಮೋಟಾರು ನಿಲ್ಲಿಸಿ ಮೇಣದಲ್ಲಿ ಹಲ್ಲು ಕೂರಿಸುವಾಗ, ಗೋಡೆಯ ಎತ್ತರದ ಸಣ್ಣ ಕಿಟಕಿಯಿಂದ ಮೆಟ್ಟಿಲ ಮೇಲೆ ಕೂತ ಯಾರೋ ಇಬ್ಬರ ಪಿಸುಮಾತು ಕೇಳಿಸುತ್ತಿತ್ತು. ಮುಖ ಕಾಣುತ್ತಿರಲಿಲ್ಲ, ನಾಲ್ಕು ಪಾದ ಮಾತ್ರ. ಯಾರೆಂದು ಎದ್ದು ನೋಡಲು ಹೋದರೆ ಮೇಣ ಆರಿಹೋಗುತ್ತಿತ್ತು. ಮಾತು ಮಾತ್ರ ಚೆನ್ನಾಗಿತ್ತು. ಅದನ್ನೇ ಎತ್ತಿಕೊಂಡರು.

"ನಿನ್ನೆ ಯಾಕೆ ಬರಲಿಲ್ಲ?" ಎಂದ ಪರದೆಯ ಹುಡುಗ, ಹಲ್ಲುಮಾಮನ ತೆಳು ಮಾಡಿದ ದನಿಯಲ್ಲಿ. "ಒಬ್ಬನೇ ಕೂತು ಇರುವೆ ಎಣಿಸ್ತಿದ್ದೆ."

"ಎಷ್ಟಿತ್ತು?" ಎಂದಳು ಜಡೆಯ ಹುಡುಗಿ, ಇನ್ನೂ ತೆಳು ದನಿಯಲ್ಲಿ.

"ನಲವತ್ತೊಂದು. ನೀನು ಬಂದಿದ್ರೆ ಲೆಕ್ಕ ತಪ್ಪಿಹೋಗ್ತಿತ್ತು."

ಹೆಂಗಸರ ಸಾಲಿನಿಂದ "ಅಯ್ಯೋ, ಪಾಪ!" ಎಂಬ ಮೆಚ್ಚುಗೆ ಬಂತು. ನಾಲ್ಕನೇ ಸಾಲಿನಲ್ಲಿ ಮೇಷ್ಟ್ರ ಪಕ್ಕ ಕೂತಿದ್ದ ಅವರ ಮೊಮ್ಮಗಳು ಬಿಸ್ಕತ್ತನ್ನು ಅರ್ಧ ಕಚ್ಚಿ ಹಾಗೇ ಹಿಡಿದುಕೊಂಡಳು. ಹಿಂದೆ ನೀರಿನ ಡ್ರಮ್ಮಿನ ಪಕ್ಕ ಕೂತಿದ್ದ ಔಷಧಿಯಮ್ಮನ ಮಗ ಕುರ್ಚಿಯಲ್ಲಿ ಒಂದು ಗೇಣು ಕೆಳಗಿಳಿದ.

ಹಲ್ಲುಮಾಮ ಇದ್ಯಾವುದನ್ನೂ ನೋಡಲಿಲ್ಲ. ಅವರ ಕಣ್ಣು ಪರದೆಯ ತುಟಿಗಳ ಮೇಲಿತ್ತು.

"ಇಷ್ಟು ಹೊತ್ತು ಕೂತ್ರೆ ನಿಮ್ಮ ತಾತ ಬರಲ್ವಾ?" ಎಂದ ಹುಡುಗ.

"ಬರಲ್ಲ. ಎರಡು ಗಂಟೆಗೆ ಹಲ್ಲು ತೆಗೆದು ಲೋಟಕ್ಕೆ ಹಾಕ್ತಾರೆ. ಹಲ್ಲಿಲ್ಲದೆ ಬಾಗಿಲು ದಾಟಲ್ಲ. ನಾಲ್ಕಕ್ಕೆ ಹಲ್ಲು ಹಾಕ್ಕೊಂಡು ಗಂಟೆ ಬಾರಿಸಿದ ಮೇಲೆ ಓಡಿದ್ರೆ ಸಾಕು."

ಆ ಮಾತು ಹಲ್ಲುಮಾಮನ ಬಾಯಿಂದ ಹೊರಬಿದ್ದ ಮೇಲೆಯೇ ಅವರ ಕಿವಿಗೂ ಬಿದ್ದದ್ದು. ಗಂಟೆ. ನಾಲ್ಕಕ್ಕೆ. ಅಷ್ಟರಲ್ಲಿ ನಾಲಿಗೆ ರೂಢಿಯ ಮೇಲೆ ಮುಂದೆ ಹೋಗಿಬಿಟ್ಟಿತ್ತು. "ನಮ್ಮಮ್ಮಂಗೆ ಗೊತ್ತಾದ್ರೆ ನನ್ನ ಕತೆ ಮುಗೀತು," ಎಂದ ಪರದೆಯ ಹುಡುಗ. "ನಿಮ್ಮ ತಾತನ ಹಗ್ಗಾನೇ ಅಂಗಡಿ ಕತ್ತರಿ ತಂದು ಕತ್ತರಿಸಿದೋಳು, ನನ್ನ ಬಿಡ್ತಾಳಾ?"

ನಗು ಎಲ್ಲೋ ನಡುವೆ ನಿಂತುಹೋಯಿತು. ಎಂಬತ್ತು ತಲೆಗಳು ಮೊದಲು ಮೇಷ್ಟ್ರ ಬಾಯಿಯ ಕಡೆ, ಆಮೇಲೆ ಔಷಧಿಯಮ್ಮನ ಕೈಯ ಕಡೆ ತಿರುಗಿದವು.

ಇಲ್ಲೊಂದು ಮಾತು ಹೇಳಬೇಕು. ಮೇಷ್ಟ್ರ ಹಲ್ಲು ಆ ಕಟ್ಟಡದ ಹೆಮ್ಮೆಯಾಗಿತ್ತು. ಎಪ್ಪತ್ತೆರಡು ವಯಸ್ಸಿಗೆ ಒಂದೂ ಬಿದ್ದಿಲ್ಲ! "ಹಲ್ಲು ಅಂದ್ರೆ ಮೇಷ್ಟ್ರದು," ಎಂದು ಸ್ವತಃ ಹಲ್ಲುಮಾಮನೇ ಹತ್ತಾರು ಜನಕ್ಕೆ ಹೇಳಿದ್ದರು. ಈಗ ಪರದೆಯ ಬೆಳಕಿನಲ್ಲಿ, ಕೋಪಕ್ಕೆ ಅರೆ ತೆರೆದ ಆ ಬಾಯನ್ನು ಮೊದಲ ಬಾರಿಗೆ ಕಸುಬಿನ ಕಣ್ಣಿನಿಂದ ನೋಡಿದರು. ಕೆಳಸಾಲು ಒಂದು ಕೂದಲೆಳೆ ಎಡಕ್ಕಿತ್ತು. ಸ್ವಂತ ಹಲ್ಲು ಹಾಗೆ ಸಾಲಾಗಿ ಒಂದೇ ಕಡೆ ಸರಿಯುವುದಿಲ್ಲ. ಬೇರೆ ಊರಿನ ಕೆಲಸ, ಅದೂ ಸುಮಾರಾದ ಕೆಲಸ!

ಅದೇ ಹೊತ್ತಿಗೆ ರೀಲು ಮುಗಿಯಿತು. ಪ್ರೊಜೆಕ್ಟರಿನವನು ದೀಪ ಹಾಕಿದ.

ಮೇಷ್ಟ್ರು ಒಂದು ಕಡೆಯಿಂದ, ಔಷಧಿಯಮ್ಮ ಇನ್ನೊಂದು ಕಡೆಯಿಂದ ಸ್ಟೂಲಿನ ಬಳಿ ಬಂದರು. ಹಲ್ಲುಮಾಮ ಇಳಿಯಲಿಲ್ಲ, ಇಳಿಯಲು ಜಾಗವಿರಲಿಲ್ಲ.

"ಆ ಲೋಟದ ಮಾತು," ಎಂದರು ಮೇಷ್ಟ್ರು, ತುಟಿ ಆದಷ್ಟು ಕಡಿಮೆ ತೆರೆದು. "ಅದು ಸಿನಿಮಾದಲ್ಲಿ ಇತ್ತಾ, ನೀವು ಸೇರಿಸಿದ್ದಾ?"

"ಆ ಕತ್ತರಿ?" ಎಂದರು ಔಷಧಿಯಮ್ಮ. ಎರಡೇ ಪದ.

ಹಲ್ಲುಮಾಮನಿಗೆ ಕಣ್ಣ ಮುಂದೆ ಸೋಮವಾರ ಬಂತು. ಸೇರಿಸಿದ್ದು ಎಂದರೆ ಕೋಣೆ ಹೋಯಿತು. "ಇತ್ತು ಮೇಷ್ಟ್ರೇ, ಇತ್ತಮ್ಮ," ಎಂದರು. "ಹನ್ನೊಂದು ಸಲವೂ ಇತ್ತು."

ಆಶ್ಚರ್ಯವೆಂದರೆ ಇಬ್ಬರ ಮುಖವೂ ಒಟ್ಟಿಗೆ ಸಡಿಲವಾಯಿತು.

"ಹಾಗಿದ್ರೆ ಅದನ್ನ ಮೈಕಿನಲ್ಲಿ ಹೇಳಿ," ಎಂದರು ಮೇಷ್ಟ್ರು.

ಹಲ್ಲುಮಾಮ ಹೇಳಿದರು. ಇಂದಿನ ಪ್ರತಿಯೊಂದು ಮಾತೂ ಮೂಲ ಸಿನಿಮಾದ್ದೇ, ಯಾವುದೇ ಮಹಡಿಯ ಯಾರಿಗೂ ಸಂಬಂಧಿಸಿದ್ದಲ್ಲ ಎಂದು ಪ್ರಕಟಿಸಿದರು.

"ಅದೆಂಗ್ರೀ?" ಎಂದರು ಮೂರನೇ ಮಹಡಿಯ ಟೈಲರಮ್ಮ. "ಸಿನಿಮಾ ತೆಗೆದು ಮೂವತ್ತು ವರ್ಷ ಮೇಲಾಯ್ತು. ನಮ್ಮ ತಾರಸಿ ಹಗ್ಗ ಕಟ್ಟಿದ್ದು ಹೋದ್ ವರ್ಷದ ಹಿಂದಿನ ವರ್ಷ!"

"ಒಳ್ಳೆ ಸಿನಿಮಾ ಅಂದ್ರೆ ಹಾಗೇನಮ್ಮಾ," ಎಂದರು ಮೇಷ್ಟ್ರು, ತರಗತಿಯಲ್ಲಿ ಹೇಳುವಂತೆ. "ಎಲ್ಲರ ಮನೆಯ ಕಥೆಯೂ ಅದರೊಳಗಿರುತ್ತೆ."

"ಸರಿಯಾಗಿ ಹೇಳಿದ್ರು," ಎಂದರು ಔಷಧಿಯಮ್ಮ.

ಕೋಣೆ ಖಾಲಿ ಮಾಡಿಸುವ ವಿಷಯ ಬಿಟ್ಟರೆ, ಎರಡು ವರ್ಷದಲ್ಲಿ ಔಷಧಿಯಮ್ಮ ಮೇಷ್ಟ್ರನ್ನು ಒಪ್ಪಿದ್ದು ಅದೇ ಮೊದಲು. ಟೈಲರಮ್ಮ ಬಾಯಿ ಮುಚ್ಚಿಕೊಂಡು ಕೂತರು. ಅದೂ ಅಪರೂಪವೇ.

ಎರಡನೇ ರೀಲಿಗೆ ದೀಪ ಆರಿಸುವಷ್ಟರಲ್ಲಿ ಮೇಷ್ಟ್ರ ಮೊಮ್ಮಗಳು ಸ್ಟೂಲಿನ ಪಕ್ಕ ಬಂದು ನಿಂತಿದ್ದಳು. ಕಿವಿ ಕೆಂಪಾಗಿತ್ತು, ಗಲ್ಲ ಮಾತ್ರ ಮೇಲಿತ್ತು.

"ಮಾಮ, ಹುಡುಗಿ ಮಾತು ಇನ್ನು ನಾನು ಹೇಳ್ತೀನಿ."

"ನಿನಗೆ ಗೊತ್ತೇನಮ್ಮಾ?"

"ನಿಮಗಿಂತ ಚೆನ್ನಾಗಿ ಗೊತ್ತು," ಎಂದಳು. ಅವಳ ದನಿ ಅಷ್ಟು ಹತ್ತಿರದಿಂದ ಕೇಳಿದಾಗ ಹಲ್ಲುಮಾಮನಿಗೆ ಗುರುತು ಹತ್ತಿತು. ಎರಡರಿಂದ ನಾಲ್ಕರ ದನಿ!

ಹಿಂದಿನಿಂದ ಔಷಧಿಯಮ್ಮನ ಮಗ ಕುರ್ಚಿಗಳಿಗೆ ಮಂಡಿ ತಾಗಿಸಿಕೊಳ್ಳುತ್ತ ಬಂದ. "ಹುಡುಗಂದು ನಂದು," ಎಂದ ನೆಲ ನೋಡುತ್ತ. ಅವನ ಅಮ್ಮ ಏಳಲು ಹೋಗಿ, ಎದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂದು ಮತ್ತೆ ಕೂತರು. ಸಿನಿಮಾದ ಮಾತು ಯಾರು ಹೇಳಿದರೇನು?

ಆಮೇಲೆ ನಡೆದದ್ದನ್ನು ಆ ಕಟ್ಟಡದಲ್ಲಿ ಇನ್ನೂ ಒಬ್ಬೊಬ್ಬರೂ ಒಂದೊಂದು ರೀತಿ ಹೇಳುತ್ತಾರೆ. ಪರದೆಯ ಮೇಲೆ ಅಪ್ಪಂದಿರು ಮಕ್ಕಳನ್ನು ಹಿತ್ತಲಿನಲ್ಲಿ ಹಿಡಿದುಬಿಟ್ಟಿದ್ದರು. ಜಡೆಯ ಹುಡುಗಿ ಪೊದೆಮೀಸೆಯ ಎದುರು ನಿಂತು ಕೈ ತಿರುಗಿಸಿ ಮಾತಾಡತೊಡಗಿದಳು. ಮೊಮ್ಮಗಳು ಮೈಕು ಎಳೆದುಕೊಂಡಳು.

"ನಾವು ಮೆಟ್ಟಿಲ ಮೇಲೆ ಕೂತು ಮಾತಾಡ್ತೀವಿ, ಅಷ್ಟೇ. ಕದ್ದು ಕೂರೋದು ನಂಗೂ ಇಷ್ಟ ಇಲ್ಲ. ಕೇಳಿದ್ರೆ ಬೇಡ ಅಂತೀರಿ, ಅದಕ್ಕೇ ಕೇಳಲ್ಲ. ರಜೆ ಮುಗಿದ್ರೆ ನಾನು ಹಾಸ್ಟೆಲ್‌ಗೆ ಹೋಗ್ತೀನಿ. ಇನ್ನು ಇಪ್ಪತ್ತೆರಡು ದಿನ ಇದೆ."

"ಇಪ್ಪತ್ತೊಂದು," ಎಂದ ಹುಡುಗ.

ಯಾರೂ ನಗಲಿಲ್ಲ. ಪರದೆಯ ಮೇಲೆ ಪೊದೆಮೀಸೆ ಯೋಚಿಸಿದ, ಮೀಸೆ ಸವರಿದ, ಬಾಯಿ ತೆರೆದ. ಅವನ ಮಾತು ಹೇಳಬೇಕಾದವರು ಹಲ್ಲುಮಾಮ. ಅವರ ಹತ್ತೊಂಬತ್ತು ವರ್ಷದ ಕೋಣೆ ಆ ತೆರೆದ ಬಾಯಿಯ ಅಂಚಿನಲ್ಲಿ ನೇತಾಡುತ್ತಿತ್ತು. ಒಪ್ಪಿದೆ ಎಂದರೆ ಮೇಷ್ಟ್ರು ಬಿಡುವುದಿಲ್ಲ. ಒಪ್ಪಲ್ಲ ಎಂದರೆ ಈ ಮಗು ಮುಖ ಎಲ್ಲಿಡಬೇಕು?

"ನಾಲ್ಕು ಗಂಟೆಯೊಳಗೆ ಮನೆಯಲ್ಲಿರಬೇಕು!"

ದನಿ ನಾಲ್ಕನೇ ಸಾಲಿನಿಂದ ಬಂದಿತ್ತು. ಮೇಷ್ಟ್ರು ಎದ್ದು ನಿಂತು, ಪೊದೆಮೀಸೆಯ ತುಟಿಯನ್ನೇ ನೋಡುತ್ತಿದ್ದರು. "ಕದ್ದು ಕೂರೋದೇನು, ಬಾಗಿಲ ಮುಂದೆ ಕುರ್ಚಿ ಹಾಕ್ಕೊಂಡು ಕೂರಿ. ಗಂಟೆ ಹೊಡೆದ ಮೇಲೆ ಒಂದು ನಿಮಿಷ ತಡವಾದರೂ ನಾನು ಕೇಳೋದಿಲ್ಲ." ಪೊದೆಮೀಸೆಯ ಬಾಯಿ ಮುಚ್ಚಿತು. ಮೇಷ್ಟ್ರೂ ಕೂತು, ಅಕ್ಕಪಕ್ಕದವರಿಗೆ, "ಈ ಮಾತು ನನಗೂ ನೆನಪಿದೆ, ಹಳೆ ಸಿನಿಮಾ," ಎಂದರು.

ಪರದೆಯ ಮೇಲೆ ಈಗ ಬೋಳುತಲೆಯ ಸರದಿ. ಎಂಬತ್ತು ತಲೆಗಳು ಔಷಧಿಯಮ್ಮನ ಕಡೆ ತಿರುಗಿದವು. ಬೋಳುತಲೆ ಉದ್ದಕ್ಕೆ ಮಾತಾಡುತ್ತಲೇ ಇದ್ದ. ಔಷಧಿಯಮ್ಮ ಅವನು ಮುಗಿಸುವವರೆಗೂ ಕಾದು, "ಹಗ್ಗ ಹೊಸದು ತಂದುಕೊಡ್ತೀನಿ," ಎಂದರು.

ಬೋಳುತಲೆ ಪೊದೆಮೀಸೆಯನ್ನು ತಬ್ಬಿಕೊಂಡ. ಸಭಾಂಗಣ ಸಿಡಿದಂತೆ ಚಪ್ಪಾಳೆ ಬಿತ್ತು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಮೂವತ್ತು ವರ್ಷದ ಹಿಂದೇನೇ ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡ್ರೀ," ಎಂದರು.

ದೀಪ ಹತ್ತಿದ ಮೇಲೆ ಮೇಷ್ಟ್ರು ಹಲ್ಲುಮಾಮನ ತೋಳು ಹಿಡಿದು ಪರದೆಯ ಹಿಂದಕ್ಕೆ ಕರೆದೊಯ್ದರು.

"ಸೋಮವಾರದ ಮೊದಲ ವಿಷಯ ತೆಗೆದುಹಾಕಿದ್ದೀನಿ. ಔಷಧಿಯಮ್ಮನೂ ಹೂಂ ಅಂದ್ರು. ಕೋಣೆ ನಿಮ್ಮದೇ."

ಹಲ್ಲುಮಾಮ ಕೈಮುಗಿದರು. ಮಾತನ್ನೆಲ್ಲ ಇಡೀ ಸಂಜೆ ಆಡಿ ಮುಗಿಸಿಬಿಟ್ಟಿದ್ದರು.

"ಒಂದೇ ಷರತ್ತು," ಎಂದು ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದರು. "ಇವತ್ತಿನ ಮಾತೆಲ್ಲ ಸಿನಿಮಾದ್ದೇ. ನೀವು ಬದುಕಿರೋವರೆಗೂ ಸಿನಿಮಾದ್ದೇ. ಆಮೇಲೆ... ನಾಳೆ ಎರಡು ಗಂಟೆ ಮೇಲೆ ಸ್ವಲ್ಪ ಮೇಲೆ ಬಂದು ಹೋಗಿ. ಕೆಳಸಾಲು ಎಡಗಡೆ ಚುಚ್ಚುತ್ತೆ."

"ಒಂದು ಕೂದಲೆಳೆ ಮೇಷ್ಟ್ರೇ," ಎಂದರು ಹಲ್ಲುಮಾಮ, ಕಣ್ಣು ತುಂಬಿಕೊಂಡು. "ಹತ್ತು ನಿಮಿಷದ ಕೆಲಸ."

ಇಬ್ಬರೂ ಪರದೆಯ ಹಿಂದಿನಿಂದ ಈಚೆ ಬಂದರು. ಜನ ಇನ್ನೂ ಎದ್ದಿರಲಿಲ್ಲ. ಬಾಗಿಲ ಬಳಿ ಔಷಧಿಯಮ್ಮ ಮೇಷ್ಟ್ರ ಮೊಮ್ಮಗಳ ಕೈಗೆ ಬಿಸ್ಕತ್ತಿನ ತಟ್ಟೆ ಕೊಟ್ಟು, "ತಿನ್ನು," ಎನ್ನುತ್ತಿದ್ದರು. ಹಲ್ಲುಮಾಮನ ಹೆಂಡತಿ ದೂರದಿಂದಲೇ ಹುಬ್ಬೆತ್ತಿ, ಆಯ್ತಾ ಎಂದು ಕೇಳಿದರು. ಇವರು ತಲೆಯಾಡಿಸಿದರು.

ಅಷ್ಟರಲ್ಲಿ ಪ್ರೊಜೆಕ್ಟರಿನವನು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಎದ್ದು ನಿಂತ. ಮುಖ ಬೆಳಗುತ್ತಿತ್ತು.

"ಸ್ವಾಮಿ, ಎಲ್ಲರೂ ಕ್ಷಮಿಸಬೇಕು! ಬಲ್ಬು ಹೋಗಿರಲಿಲ್ಲ, ಸಡಿಲ ಆಗಿತ್ತು ಅಷ್ಟೇ. ತಿರುಗಿಸಿದೆ, ನೋಡಿ," ಎಂದು ಗುಂಡಿ ಒತ್ತಿದ. ಗೋಡೆಯ ಸ್ಪೀಕರ್ ಪೆಟ್ಟಿಗೆಯಿಂದ ಗಂಡಸಿನ ದನಿಯೊಂದು ಸ್ಪಷ್ಟವಾಗಿ, "ಡಾಕ್ಟರೇ, ನನ್ನ ಕುದುರೆ ಎಲ್ಲಿ?" ಎಂದಿತು. ಗುಂಡಿ ಆರಿಸಿದ.

ಆ ಸಿನಿಮಾದಲ್ಲಿ ಕುದುರೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹಲ್ಲುಮಾಮ ಸ್ಟೂಲನ್ನು ಹಿಡಿದುಕೊಂಡರು.

"ಪಾಪ, ಈ ಯಜಮಾನರು ಗಂಟಲು ಹರಿದುಕೊಂಡು ಕಷ್ಟಪಟ್ಟರು," ಎಂದ ಪ್ರೊಜೆಕ್ಟರಿನವನು. "ಇನ್ನೂ ಆರೂವರೆ. ನನ್ನ ಕಡೆಯಿಂದ ಪುಕ್ಕಟೆ, ಒಂದು ಕಾಸು ಬೇಡ. ಮೊದಲಿಂದ ಹಾಕ್ತೀನಿ, ಅಸಲಿ ಮಾತಿನ ಜೊತೆ ಪೂರ್ತಿ ನೋಡಿಬಿಡಿ. ಹಾಕಲಾ?"

ಮೇಷ್ಟ್ರು ಔಷಧಿಯಮ್ಮನ ಮುಖ ನೋಡಿದರು. ಔಷಧಿಯಮ್ಮ ಮೇಷ್ಟ್ರ ಮುಖ ನೋಡಿದರು.

"ಬೇಡ," ಎಂದರು ಮೇಷ್ಟ್ರು.